ಜ್ಯೂರಿಯ ಹಿಂದಿನ ರಾತ್ರಿ ಅವರು ಮಲಗಲಿ: ಆರ್ಕಿಟೆಕ್ಚರ್ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಆರ್ಕಿಟೆಕ್ಚರ್ ಕಾಲೇಜುಗಳ ಮಾನ್ಯ ಪ್ರಾಂಶುಪಾಲರಿಗೆ, ವಿಭಾಗದ ಮುಖ್ಯಸ್ಥರಿಗೆ, ಮೊದಲ ವರ್ಷದ ಸ್ಟುಡಿಯೋ ನಡೆಸುವ ನನ್ನ ಸಹೋದ್ಯೋಗಿಗಳಿಗೆ,

ನಮಸ್ಕಾರ.

ಹೊಸ ಬ್ಯಾಚಿನ ಮಕ್ಕಳು ಇನ್ನು ಕೆಲವೇ ವಾರಗಳಲ್ಲಿ ಸ್ಟುಡಿಯೋದ, ಅಂದರೆ ಡ್ರಾಯಿಂಗ್, ಡಿಸೈನ್ ಮಾಡುವ ತರಗತಿಯ, ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾರೆ. ಭುಜಕ್ಕೆ ಶೀಟ್ ಟ್ಯೂಬು, ಕೈಯಲ್ಲಿ ಇನ್ನೂ ಪ್ಯಾಕೆಟ್ ಬಿಚ್ಚದ ಸೆಟ್‌ಸ್ಕ್ವೇರು, ಕಂಕುಳಲ್ಲಿ ಒಂದೂ ಗೀರಿಲ್ಲದ ಡ್ರಾಯಿಂಗ್ ಬೋರ್ಡು. ಅವರು ಬರುವ ಹೊತ್ತಿಗೆ ನಿಮ್ಮ ಟೈಮ್‌ಟೇಬಲ್ ಸಿದ್ಧವಾಗಿರುತ್ತದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ನಾನು ಕೇಳುವುದು ಒಂದೇ ಬದಲಾವಣೆ. ಜ್ಯೂರಿ ಅಂದರೆ ವಿದ್ಯಾರ್ಥಿ ತನ್ನ ಡಿಸೈನನ್ನು ಪರೀಕ್ಷಕರ ಮುಂದಿಟ್ಟು ಸಮರ್ಥಿಸಿಕೊಳ್ಳುವ ದಿನ. ಅದರ ಹಿಂದಿನ ದಿನ ಸಂಜೆ 5 ಗಂಟೆಗೆ ಶೀಟು, ಮಾಡೆಲ್ ಎಲ್ಲವನ್ನೂ ತೆಗೆದುಕೊಂಡು ಸ್ಟುಡಿಯೋಗೆ ಬೀಗ ಹಾಕಿ. ಆ ರಾತ್ರಿ ಅವರು ಮಲಗಲಿ.

ಇಷ್ಟು ಸಣ್ಣ ಮಾತಿಗೆ ಇಷ್ಟುದ್ದದ ಪತ್ರ ಯಾಕೆ ಅನ್ನಿಸಬಹುದು. ಮೊದಲ ವರ್ಷದ ವಿದ್ಯಾರ್ಥಿಯ ದಿನಗಳು ಹೇಗಿರುತ್ತವೆ ಎಂದು ಒಮ್ಮೆ ನೆನಪಿಸಿಕೊಂಡರೆ ಮಾತ್ರ ಆ 5 ಗಂಟೆಯ ಬೆಲೆ ತಿಳಿಯುತ್ತದೆ. ನಾವೆಲ್ಲ ಆ ದಿನಗಳನ್ನು ದಾಟಿ ಬಂದವರೇ. ದಾಟಿದ ಮೇಲೆ ಮರೆತಿದ್ದೇವೆ.

ಶಾಲೆಯಲ್ಲಿ ಅಷ್ಟೂ ವರ್ಷ ಆ ಮಕ್ಕಳು ಬಿಡಿಸಿದ್ದು ಉತ್ತರ ಇರುವ ಪ್ರಶ್ನೆಗಳನ್ನು. ಲೆಕ್ಕ ತಪ್ಪಾದರೆ ಯಾವ ಸಾಲಿನಲ್ಲಿ ತಪ್ಪಿತು ಎಂದು ತೋರಿಸಬಹುದಿತ್ತು. ಸರಿಯಾದರೆ ಪೆನ್ನು ಮುಚ್ಚಿಟ್ಟು ಎದ್ದು ಹೋಗಬಹುದಿತ್ತು. ಇಲ್ಲಿಗೆ ಬಂದ ಮೊದಲ ವಾರ ಅವರ ಮುಂದೆ ಎ1 ಶೀಟು ಹರಡುತ್ತೇವೆ, 594 ಮಿಲಿಮೀಟರ್ ಅಗಲ, 841 ಮಿಲಿಮೀಟರ್ ಉದ್ದದ ಬಿಳಿ ಬಯಲು. 5 ಮಿಲಿಮೀಟರ್ ಅಂತರ ಬಿಟ್ಟು ಗೆರೆ ಎಳೆಯಿರಿ ಅನ್ನುತ್ತೇವೆ. 2ಎಚ್ ಪೆನ್ಸಿಲಿನಲ್ಲಿ ಒಂದಷ್ಟು, ಎಚ್‌ಬಿಯಲ್ಲಿ ಒಂದಷ್ಟು. ಗೆರೆ ಶುರುವಾದಲ್ಲಿ ಎಷ್ಟು ದಪ್ಪವೋ ಮುಗಿಯುವಲ್ಲೂ ಅಷ್ಟೇ ಇರಬೇಕು. ಅದಕ್ಕೆ ಎಳೆಯುತ್ತಲೇ ಪೆನ್ಸಿಲನ್ನು ಬೆರಳ ನಡುವೆ ಮೆಲ್ಲಗೆ ಹೊರಳಿಸುತ್ತಿರಬೇಕು. ಸಂಜೆಯ ಹೊತ್ತಿಗೆ ಅಂಗೈಯ ಅಂಚು ಕಪ್ಪಾಗಿರುತ್ತದೆ, ಆ ಅಂಚು ತಾಗಿ ತಾಗಿ ಅರ್ಧ ಶೀಟು ಮಸುಕಾಗಿರುತ್ತದೆ. ಶಾಲೆಯಲ್ಲಿ ಯಾವತ್ತೂ ಮೊದಲ ಸಾಲಿನಲ್ಲಿದ್ದ ಹುಡುಗಿ "ಮತ್ತೆ ಮಾಡು" ಎಂಬ ಮಾತನ್ನು ಬಹುಶಃ ಮೊದಲ ಸಲ ಕೇಳುತ್ತಾಳೆ. ಯಾಕೆ ಎಂದು ತಿರುಗಿ ಕೇಳುವ ಧೈರ್ಯ ಅವಳಿಗೆ ಇನ್ನೂ ಬಂದಿರುವುದಿಲ್ಲ.

ಆ ಗೆರೆಗೆ ಅರ್ಥವಿದೆ. 1:100 ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ಅಂದರೆ ಕಟ್ಟಡದಲ್ಲಿ 5 ಸೆಂಟಿಮೀಟರ್. ಅಷ್ಟು ಆಚೀಚೆಯಾದರೆ ಬಾಗಿಲಿನ ಚೌಕಟ್ಟು ಗೋಡೆಯಲ್ಲಿ ಕೂರುವುದಿಲ್ಲ. ಈ ಒಂದು ವಾಕ್ಯ ಹೇಳಿ ಗೆರೆ ಎಳೆಸಿದರೆ ಮಕ್ಕಳು ಮನಸ್ಸಿಟ್ಟು ಎಳೆಯುತ್ತಾರೆ. ಹೇಳದೆ ಎಳೆಸಿದರೆ ಶಿಕ್ಷೆ ಅಂದುಕೊಳ್ಳುತ್ತಾರೆ. ನನಗೆ ಯಾರೂ ಹೇಳಿರಲಿಲ್ಲ. ಪಾಠ ಮಾಡಲು ಬಂದ ಮೊದಲ ಕೆಲವು ವರ್ಷ ನಾನೂ ಹೇಳಲಿಲ್ಲ.

ಮೊದಲ ವರ್ಷದಲ್ಲಿ ಎಂಥ ಸಂತೋಷ ಅಡಗಿದೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಎರಡನೇ ವಾರ ನಾನು ಮಕ್ಕಳ ಕೈಗೆ ಟೇಪು ಕೊಟ್ಟು, ಅವರು ದಿನವೂ ಹತ್ತಿ ಬರುವ ಮೆಟ್ಟಿಲನ್ನೇ ಅಳೆದುಕೊಂಡು ಬನ್ನಿ ಎಂದು ಕಳಿಸುತ್ತೇನೆ. ಮೆಟ್ಟಿಲಿನ ಎತ್ತರ 150 ಮಿಲಿಮೀಟರ್, ಪಾದ ಇಡುವ ಅಗಲ 300. ಎತ್ತರದ ಎರಡರಷ್ಟಕ್ಕೆ ಅಗಲ ಕೂಡಿದರೆ 600. ಇನ್ನೊಂದು ಕಟ್ಟಡದಲ್ಲಿ 165, 290, ಮೊತ್ತ 620. ಹತ್ತಲು ಹಿತವಾದ ಮೆಟ್ಟಿಲು ಎಲ್ಲೇ ಇರಲಿ, ಮೊತ್ತ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ಫ್ರಾನ್ಸಿನ ಆರ್ಕಿಟೆಕ್ಟ್ ಫ್ರಾಂಸ್ವಾ ಬ್ಲಾಂಡೆಲ್ ಈ ಲೆಕ್ಕವನ್ನು 17ನೇ ಶತಮಾನದಲ್ಲೇ ಬರೆದಿಟ್ಟಿದ್ದ. ಮನುಷ್ಯ ನಡೆಯುವಾಗ ಇಡುವ ಹೆಜ್ಜೆಯ ಉದ್ದವೇ ಅದಕ್ಕೆ ಆಧಾರ. ಒಂದು ವರ್ಷ ಒಬ್ಬ ಹುಡುಗ ಅಳೆಯುತ್ತ ಅಳೆಯುತ್ತ ಮೇಲಿನ ಕೊನೆಯ ಮೆಟ್ಟಿಲಿನ ಹತ್ತಿರ ಕೂತುಬಿಟ್ಟ. ಎರಡು ಸಲ ಅಳೆದ. ಆ ಒಂದು ಮೆಟ್ಟಿಲು ಉಳಿದವುಗಳಿಗಿಂತ 20 ಮಿಲಿಮೀಟರ್ ಎತ್ತರವಿತ್ತು. "ಸರ್, ನಾನು ದಿನಾ ಎಡವುವುದು ಇಲ್ಲೇ" ಅಂದ. ಅವನ ಮುಖ ಅರಳಿದ್ದು ನನಗಿನ್ನೂ ನೆನಪಿದೆ. ಇಷ್ಟು ದಿನ ತನ್ನ ಕಾಲಿನ ತಪ್ಪು ಅಂದುಕೊಂಡಿದ್ದದ್ದು ಕಟ್ಟಿದವರ ತಪ್ಪು ಎಂದು ಅವನಿಗೆ ಆ ಕ್ಷಣ ಗೊತ್ತಾಯಿತು. ಅಂದಿನಿಂದ ಅವನು ಯಾವ ಮೆಟ್ಟಿಲನ್ನೂ ಸುಮ್ಮನೆ ಹತ್ತಿರಲಾರ.

ಇಂಥ ಕ್ಷಣಕ್ಕಾಗಿಯೇ ನಾವು ಈ ವಿದ್ಯೆಗೆ ಅಂಟಿಕೊಂಡಿದ್ದೇವೆ ಅಲ್ಲವೇ? ಇದು ನಡೆದದ್ದು ಬೆಳಿಗ್ಗೆ 10 ಗಂಟೆಗೆ, ಚೆನ್ನಾಗಿ ನಿದ್ದೆ ಮಾಡಿ ಬಂದ ಹುಡುಗನಿಗೆ. ನಿದ್ದೆಗೆಟ್ಟವನ ಕಣ್ಣಿಗೆ ಆ 20 ಮಿಲಿಮೀಟರ್ ಬೀಳುತ್ತಿರಲಿಲ್ಲ.

ತೊಂದರೆ ಶುರುವಾಗುವುದು ಮೊದಲ ಡಿಸೈನ್ ಕೈಗೆ ಬಂದಾಗ. "ಒಬ್ಬ ಮನುಷ್ಯ ಕೂತು ಓದಲು ಒಂದು ಜಾಗ" ಎಂಬಷ್ಟೇ ಸಣ್ಣ ಪ್ರಶ್ನೆ ಕೊಟ್ಟರೂ ಅದಕ್ಕೆ ಕೊನೆಯೆಂಬುದಿಲ್ಲ. ಕಿಟಕಿಯನ್ನು ಸ್ವಲ್ಪ ಸರಿಸಿದರೆ ಬೆಳಕು ಬದಲಾಗುತ್ತದೆ, ಬೆಳಕು ಬದಲಾದರೆ ಕೂರುವ ದಿಕ್ಕು ಬದಲಾಗುತ್ತದೆ, ದಿಕ್ಕು ಬದಲಾದರೆ ಬಾಗಿಲು ತಪ್ಪಾದ ಕಡೆ ಬಂದು ನಿಲ್ಲುತ್ತದೆ. ಬಟರ್ ಪೇಪರಿನ ಮೇಲೆ ಬಟರ್ ಪೇಪರ್ ಹಾಸುತ್ತ ಹೋಗುತ್ತಾರೆ. ಸೋಮವಾರ ಮೇಷ್ಟ್ರು ಹೌದು ಅಂದದ್ದನ್ನು ಗುರುವಾರ ಇನ್ನೊಬ್ಬ ಮೇಷ್ಟ್ರು ಇದೇನಿದು ಅನ್ನುತ್ತಾರೆ. ಇಬ್ಬರೂ ತಮ್ಮ ಮಟ್ಟಿಗೆ ಸರಿಯೇ ಇರಬಹುದು. ಅದನ್ನು ತೂಗಿ ನೋಡುವ ತಕ್ಕಡಿ ಮೊದಲ ಸೆಮಿಸ್ಟರಿನ ವಿದ್ಯಾರ್ಥಿಯ ಹತ್ತಿರ ಇಲ್ಲ. ಡಿಸೈನ್ ತಾನಾಗಿ ಮುಗಿಯುವುದಿಲ್ಲ, ಸಮಯ ಅದನ್ನು ಮುಗಿಸುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾಗಲು ವರ್ಷಗಟ್ಟಲೆ ಬೇಕು. ಅಲ್ಲಿಯವರೆಗೆ ನಿಲ್ಲಿಸಿ ಎಂದು ಹೇಳಬೇಕಾದವರು ನಾವು.

19ನೇ ಶತಮಾನದ ಪ್ಯಾರಿಸ್ಸಿನಲ್ಲಿ, ಎಕೋಲ್ ದೆ ಬೋಜಾರ್ ಎಂಬ ಕಲಾಶಾಲೆಯಲ್ಲಿ, ಈ ನಿಲ್ಲಿಸುವ ಕೆಲಸವನ್ನು ಒಂದು ಕೈಗಾಡಿ ಮಾಡುತ್ತಿತ್ತು. ವಿದ್ಯಾರ್ಥಿಗಳು ಬೇರೆ ಬೇರೆ ಕಡೆಯ ಅಟೆಲಿಯೆಗಳಲ್ಲಿ, ಅಂದರೆ ಗುರುಗಳ ಕಾರ್ಯಾಗಾರಗಳಲ್ಲಿ, ಕೂತು ಡ್ರಾಯಿಂಗ್ ಮಾಡುತ್ತಿದ್ದರು. ಗಡುವು ಬಂದಾಗ ಗಾಡಿ ಡ್ರಾಯಿಂಗುಗಳನ್ನು ಹೇರಿಕೊಂಡು ಶಾಲೆಗೆ ಸಾಗುತ್ತಿತ್ತು. ಆ ಗಾಡಿಯ ಹೆಸರು ಶಾರೆಟ್. ಗಾಡಿಯ ಮೇಲೆಯೇ ಹತ್ತಿ ಕೂತು ಕೊನೆಯ ಗೆರೆ ಎಳೆಯುತ್ತಿದ್ದವರ ಕಥೆ ಈಗಲೂ ಪ್ರಚಲಿತ. ಗಡುವಿನ ಮುಂಚಿನ ಭರಾಟೆಯ ಕೆಲಸಕ್ಕೆ ಜಗತ್ತಿನ ಆರ್ಕಿಟೆಕ್ಟ್‌ಗಳು ಇವತ್ತಿಗೂ ಅದೇ ಹೆಸರು ಹೇಳುತ್ತಾರೆ. ನಾವು ಆ ಭರಾಟೆಯನ್ನು ಮಾತ್ರ ಪರಂಪರೆ ಎಂದು ಉಳಿಸಿಕೊಂಡೆವು, ಗಾಡಿಯನ್ನು ಬಿಟ್ಟೆವು. ಗಾಡಿ ಹೊರಟ ಮೇಲೆ ಪೆನ್ಸಿಲ್ ಕೆಳಗಿಡಲೇಬೇಕಿತ್ತು. ನಮ್ಮಲ್ಲಿ ಬೆಳಿಗ್ಗೆ 9ಕ್ಕೆ ಜ್ಯೂರಿ ಅಂದರೆ 8:50ರವರೆಗೆ ಅಂಟು ಹಚ್ಚುತ್ತಿರುತ್ತಾರೆ, ಶೀಟು ಮುದ್ರಿಸುವ ಪ್ಲಾಟರಿನ ಮುಂದೆ ಸಾಲು ನಿಂತಿರುತ್ತದೆ, ಮೊದಲ ಹೆಸರು ಕರೆದಾಗ ಆ ಹುಡುಗನ ಶೀಟಿನ ಮಸಿ ಇನ್ನೂ ಹಸಿಯಾಗಿರುತ್ತದೆ.

ಬೋಜಾರ್‌ನಲ್ಲಿ ಜ್ಯೂರಿ ನಡೆಯುತ್ತಿದ್ದುದು ಮುಚ್ಚಿದ ಬಾಗಿಲ ಹಿಂದೆ. ವಿದ್ಯಾರ್ಥಿ ಎದುರಿಗೆ ಇರುತ್ತಲೇ ಇರಲಿಲ್ಲ. ಎಲ್ಲರ ಮುಂದೆ ನಿಂತು ತನ್ನ ಕೆಲಸವನ್ನು ಸಮರ್ಥಿಸಿಕೊಳ್ಳುವ ಈಗಿನ ಪದ್ಧತಿ ಬಂದದ್ದು ಆಮೇಲೆ. ಈ ಬದಲಾವಣೆ ಒಳ್ಳೆಯದೇ ಎಂದು ನಾನು ನಂಬಿದ್ದೇನೆ, ಮಾತಾಡಲು ಕಲಿಯದ ಆರ್ಕಿಟೆಕ್ಟ್ ಮುಂದೆ ಕಷ್ಟಪಡುತ್ತಾನೆ. ಆದರೆ ಗಾಡಿಯ ಕಾಲದ ವಿದ್ಯಾರ್ಥಿ ಡ್ರಾಯಿಂಗ್ ಕೊಟ್ಟು ಹೋಗಿ ಮಲಗಬಹುದಿತ್ತು. ನಮ್ಮ ವಿದ್ಯಾರ್ಥಿ ಎರಡು ರಾತ್ರಿ ಎದ್ದಿದ್ದು, ಮೂರನೇ ಬೆಳಿಗ್ಗೆ ಮಾತಾಡಬೇಕು.

ನನ್ನ ಮೊದಲ ಜ್ಯೂರಿಯನ್ನು ಹೇಳುತ್ತೇನೆ. ಎರಡು ರಾತ್ರಿ ಸೇರಿ ಮೂರು ಗಂಟೆ ಮಲಗಿದ್ದೆನೇನೋ. ಶೀಟುಗಳನ್ನು ಪಿನ್ ಮಾಡಿ ಪಕ್ಕದಲ್ಲಿ ನಿಂತೆ. ಜ್ಯೂರಿಗೆ ಬಂದಿದ್ದ ಹಿರಿಯರೊಬ್ಬರು ಪ್ಲಾನ್ ನೋಡಿ, ಬಹಳ ಸೌಮ್ಯವಾಗಿಯೇ, "ಉತ್ತರ ಯಾವ ಕಡೆ?" ಎಂದು ಕೇಳಿದರು. ಪೂರ್ವದ ಬೆಳಕಿಗಾಗಿಯೇ ಆ ಇಡೀ ಡಿಸೈನನ್ನು ಮೂರು ವಾರ ತಿದ್ದಿದ್ದವನು ನಾನು. ಶೀಟಿನ ಮೂಲೆಯಲ್ಲಿ ಉತ್ತರದ ಬಾಣವನ್ನು ನನ್ನ ಕೈಯಲ್ಲೇ ಬರೆದಿದ್ದೆ. ಆ ಕ್ಷಣ ಏನೂ ಹೊಳೆಯಲಿಲ್ಲ. ನಾಲಿಗೆ ಒಣಗಿತ್ತು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಕೈ ಎತ್ತಿ ಒಂದು ದಿಕ್ಕು ತೋರಿಸಿದೆ. ಅದು ಪಶ್ಚಿಮ. ಇನ್ನೊಬ್ಬರು ತಿರುಗಿ, "ತಾನು ಏನು ಬರೆದಿದ್ದೇನೆ ಅಂತಲೇ ಗೊತ್ತಿಲ್ಲದವನಿಗೆ ಏನು ಹೇಳುವುದು" ಎಂದು ಪಕ್ಕದವರಿಗೆ ಹೇಳಿ ಮುಂದಿನ ಹೆಸರು ಕರೆದರು. ಮೂರು ವಾರದ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಅವರು ಆ ದಿನ ನನ್ನ ಡಿಸೈನನ್ನು ನೋಡಲೇ ಇಲ್ಲ, ನನ್ನ ಆಯಾಸವನ್ನು ನೋಡಿ ಮಾರ್ಕ್ಸ್ ಹಾಕಿದರು. ಅವರು ಆಮೇಲೆ ಹೇಳಿದ ಒಳ್ಳೆಯ ಮಾತೂ ಇದ್ದಿರಬಹುದು, ನನಗೆ ನೆನಪಿಲ್ಲ. ನಿದ್ದೆಗೆಟ್ಟ ತಲೆಯಲ್ಲಿ ವಿಮರ್ಶೆ ನಿಲ್ಲುವುದಿಲ್ಲ. ಮಕ್ಕಳಿಗೆ ಇಡೀ ಸೆಮಿಸ್ಟರಿನ ಅತಿ ದೊಡ್ಡ ಪಾಠ ಸಿಗಬೇಕಾದ ಗಂಟೆಯೇ ಅವರ ತಲೆ ಕೆಲಸ ಮಾಡದ ಗಂಟೆಯಾಗುವಂತೆ ನಾವು ಟೈಮ್‌ಟೇಬಲ್ ಬರೆಯುತ್ತಿದ್ದೇವೆ.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಅದೇ ವರ್ಷ, ಬೆಳಗಿನ ಜಾವ ನಾಲ್ಕರ ಹೊತ್ತು. ನನ್ನ ಸಹಪಾಠಿ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟನ್ನು ಕತ್ತರಿಸುತ್ತಿದ್ದಳು. ಸ್ಟೀಲ್ ಸ್ಕೇಲಿನ ಅಂಚಿಗೆ ಕಟರ್ ಇಟ್ಟು ಎಳೆಯುವಾಗ ಬ್ಲೇಡು ಸ್ಕೇಲಿನ ಮೇಲೇರಿತು. ಎಡಗೈಯ ತೋರುಬೆರಳ ತುದಿ ಸೀಳಿತು. ಬಿಳಿ ಬೋರ್ಡಿನ ಮೇಲೆ ರಕ್ತದ ಹನಿ ಬಿತ್ತು. ಅವಳು ಬೆರಳನ್ನು ನೋಡಿಕೊಳ್ಳಲಿಲ್ಲ. ಬೋರ್ಡನ್ನು ಇನ್ನೊಂದು ಕೈಯಿಂದ ಆಚೆ ತಳ್ಳಿ, "ಅಯ್ಯೋ, ಇನ್ನೊಂದು ಬೋರ್ಡ್ ಇಲ್ಲವಲ್ಲ" ಅಂದಳು. ನಾವು ಸುತ್ತ ಇದ್ದವರೂ ಮೊದಲು ನೋಡಿದ್ದು ಬೋರ್ಡನ್ನೇ. ಯಾರೋ ಬಟ್ಟೆ ಸುತ್ತಿದರು. ಹೊಲಿಗೆ ಹಾಕಿಸಿದ್ದು ಜ್ಯೂರಿ ಮುಗಿದ ಮೇಲೆ, ಮಧ್ಯಾಹ್ನ.

1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 17 ಗಂಟೆ ಸತತ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡ ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಆದಾಗ ಸುಮಾರು 0.10 ಶೇಕಡದ ಮಟ್ಟಕ್ಕೆ. ಕುಡಿದು ಬಂದ ವಿದ್ಯಾರ್ಥಿಯ ಕೈಗೆ ನಾವು ಯಾರೂ ಕಟರ್ ಕೊಡುವುದಿಲ್ಲ. ವರ್ಕ್‌ಶಾಪಿನ ಗರಗಸದ ಹತ್ತಿರವೂ ಬಿಡುವುದಿಲ್ಲ. ನಾಲ್ಕು ಗಂಟೆಯ ಬೆಳಗಿನ ಜಾವ ಎಚ್ಚರವಿದ್ದವರ ಕೈಗೆ ಕೊಡುತ್ತೇವೆ, ಆಮೇಲೆ "ನೈಟ್‌ಔಟ್ ಮಾಡದೆ ಆರ್ಕಿಟೆಕ್ಟ್ ಆದವರುಂಟೇ" ಎಂದು ಬೆನ್ನು ತಟ್ಟುತ್ತೇವೆ. ಹೊಸಬರು ಮೊದಲ ವಾರವೇ ಸೀನಿಯರ್‌ಗಳಿಂದ ಕೇಳಿಸಿಕೊಳ್ಳುವ ಮಾತು ಇದು. ಕೆಲವೇ ದಿನಗಳಲ್ಲಿ, ಎಷ್ಟು ರಾತ್ರಿ ಮಲಗಿಲ್ಲ ಎಂಬುದು ಎಷ್ಟು ಒಳ್ಳೆಯ ಡಿಸೈನ್ ಮಾಡಿದೆ ಎಂಬುದರ ಅಳತೆಯಾಗುತ್ತದೆ.

ಆ ಅಳತೆ ಅನ್ಯಾಯದ್ದು ಕೂಡ. ರಾತ್ರಿ ಎಲ್ಲರಿಗೂ ಒಂದೇ ಅಲ್ಲ. ಕಾಲೇಜಿನ ಪಕ್ಕದ ಹಾಸ್ಟೆಲಿನಲ್ಲಿ ಇರುವವನಿಗೆ ಸ್ಟುಡಿಯೋದ ರಾತ್ರಿ ಸಿಗುತ್ತದೆ. ದೂರದಿಂದ ಓಡಾಡುವ ಹುಡುಗಿಗೆ ಕೊನೆಯ ಬಸ್ಸು ಹೊರಡುವ ಹೊತ್ತಿಗೇ ಅವಳ ದಿನ ಮುಗಿಯುತ್ತದೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರು, ಸಂಜೆ ಎಲ್ಲೋ ದುಡಿದು ಫೀಸು ಕಟ್ಟುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಜ್ಯೂರಿಯ ಗೋಡೆಯ ಮೇಲೆ ಅವರ ಶೀಟು ಒಂದು ಕಡಿಮೆ ಇರುತ್ತದೆ, ಮಾಡೆಲಿನಲ್ಲಿ ಮರಗಿಡಗಳಿರುವುದಿಲ್ಲ. ನಾವು ಅದನ್ನು ಶ್ರದ್ಧೆ ಕಡಿಮೆ ಎಂದು ಓದುತ್ತೇವೆ. ಎಲ್ಲರಿಗೂ ಒಂದೇ ಗಡುವು, ಹಗಲಿನ ಗಡುವು ಇದ್ದರೆ ಈ ತಪ್ಪು ಓದು ಅಷ್ಟರಮಟ್ಟಿಗೆ ತಪ್ಪುತ್ತದೆ.

ನನ್ನ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತು, ಸ್ಟಾಫ್ ರೂಮಿನಲ್ಲಿ ಎಲ್ಲವನ್ನೂ ಕೇಳಿದ್ದೇನೆ.

ನಾಳೆ ಕೆಲಸಕ್ಕೆ ಸೇರಿದ ಮೇಲೆ ಗಡುವು ಇರುವುದಿಲ್ಲವೇ ಅನ್ನುತ್ತಾರೆ. ಇರುತ್ತದೆ, ಇನ್ನೂ ಗಟ್ಟಿಯಾಗಿ ಇರುತ್ತದೆ. ಟೆಂಡರ್ ಸಲ್ಲಿಸಲು ಮಧ್ಯಾಹ್ನ 3 ಗಂಟೆ ಅಂದರೆ 3:05ಕ್ಕೆ ತಂದ ಲಕೋಟೆಯನ್ನು ಯಾರೂ ಮುಟ್ಟುವುದಿಲ್ಲ. ನಾನು ಕೇಳುತ್ತಿರುವುದೂ ಅಂಥ ಗಡುವನ್ನೇ. ಈಗಿನ ನಮ್ಮ ಪದ್ಧತಿ ಗಡುವೇ ಇಲ್ಲದ ಪದ್ಧತಿ, ಜ್ಯೂರಿಯಲ್ಲಿ ಹೆಸರು ಕರೆಯುವವರೆಗೂ ಎಳೆಯಬಹುದು.

ಹಾಗಾದರೆ ಆ 5 ಗಂಟೆಯ ಗಡುವಿನ ಹಿಂದಿನ ರಾತ್ರಿ ನಿದ್ದೆಗೆಡುತ್ತಾರೆ, ಲಾಭವೇನು ಅನ್ನುವವರಿದ್ದಾರೆ. ಕೆಲವರು ಖಂಡಿತ ಕೆಡುತ್ತಾರೆ. ನನ್ನ ಸ್ಟುಡಿಯೋದಲ್ಲಿ ಮೊದಲ ಸಲ ಹೀಗೆ ಬೀಗ ಹಾಕಿದಾಗ ಹಾಗೇ ಆಯಿತು. ಆದರೂ ಕೆಲಸ ಮುಗಿದದ್ದಕ್ಕೂ ಮಾತಾಡುವುದಕ್ಕೂ ನಡುವೆ ಒಂದು ರಾತ್ರಿ ಸಿಕ್ಕಿತು. ಮರುದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದಿದ್ದ ಮಕ್ಕಳನ್ನು ನೋಡಿ ಹೊರಗಿನಿಂದ ಬಂದಿದ್ದ ಜ್ಯೂರಿಯವರು ಇವರು ಯಾವ ವರ್ಷದವರು ಎಂದು ಕೇಳಿದರು. ಆ ದಿನ ಮಕ್ಕಳು ತಮ್ಮ ಡಿಸೈನಿನ ಬಗ್ಗೆ ವಾದ ಮಾಡಿದರು. ಒಬ್ಬಳು ಜ್ಯೂರಿಯವರ ಮಾತನ್ನು ಒಪ್ಪದೆ, ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ಡ್ರಾಯಿಂಗ್) ತೋರಿಸಿ ತನ್ನ ಕಾರಣ ಹೇಳಿದಳು. ಎರಡನೇ ಡಿಸೈನಿನ ಹೊತ್ತಿಗೆ ಬಹುಪಾಲು ಮಕ್ಕಳು ಎರಡು ದಿನ ಮುಂಚೆಯೇ ಮಾಡೆಲ್ ಕತ್ತರಿಸಲು ಶುರು ಮಾಡಿದ್ದರು.

ಸ್ಟುಡಿಯೋದ ರಾತ್ರಿಗಳಲ್ಲೇ ಸ್ನೇಹ ಬೆಳೆಯುವುದು ಎಂಬ ಮಾತನ್ನು ಮಾತ್ರ ನಾನು ಹಗುರವಾಗಿ ತಳ್ಳಲಾರೆ. ನನ್ನ ಹತ್ತಿರದ ಗೆಳೆಯರೆಲ್ಲ ಆ ರಾತ್ರಿಗಳಲ್ಲಿ ಸಿಕ್ಕವರೇ. ಒಬ್ಬರ ಮಾಡೆಲಿಗೆ ಇನ್ನೊಬ್ಬರು ಅಂಟು ಹಚ್ಚುತ್ತ, ಒಬ್ಬರ ಪ್ಲಾನಿನ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತ ಕಲಿತದ್ದು ಯಾವ ತರಗತಿಯಲ್ಲೂ ಕಲಿತಿಲ್ಲ. ಹೊಸಬರಿಗೆ ಅದು ಸಿಗಲೇಬೇಕು. ಉಳಿದ ದಿನ ರಾತ್ರಿ 10ರವರೆಗೆ ಸ್ಟುಡಿಯೋ ತೆರೆದಿಡಿ, ದೀಪ ಹಚ್ಚಿಡಿ. ಆ ಒಂದು ರಾತ್ರಿ ಮುಚ್ಚಿ.

ಇದು ನಾನು ಹೊಸದಾಗಿ ಕಂಡುಹಿಡಿದ ವಿಚಾರವೂ ಅಲ್ಲ. ಅಮೆರಿಕದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಸಂಘಟನೆ ಸ್ಟುಡಿಯೋ ಸಂಸ್ಕೃತಿಯ ಬಗ್ಗೆ 2002ರಲ್ಲೇ ಒಂದು ವರದಿ ತಂದು, ನಿದ್ದೆಗೇಡಿತನವನ್ನು ಹೆಮ್ಮೆ ಮಾಡಿಕೊಳ್ಳುವುದನ್ನು ನಿಲ್ಲಿಸಿ ಎಂದು ಕೇಳಿತು. ಅಲ್ಲಿನ ಮಾನ್ಯತಾ ಮಂಡಳಿ ಆಮೇಲೆ, ಪ್ರತಿ ಕಾಲೇಜೂ ಸ್ಟುಡಿಯೋ ಹೇಗೆ ನಡೆಯಬೇಕು ಎಂಬ ಲಿಖಿತ ನೀತಿ ಇಟ್ಟುಕೊಂಡಿರಬೇಕು ಎಂಬ ಷರತ್ತು ಹಾಕಿತು. ಮಕ್ಕಳೇ ಕೇಳಿ ಪಡೆದದ್ದು ಅದು. ಇನ್ನೂ ಹಿಂದಕ್ಕೆ ಹೋದರೆ, 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಎಂಬ ಕಲೆ ಮತ್ತು ಡಿಸೈನ್ ಶಾಲೆಯಲ್ಲಿ ಯೋಹಾನೆಸ್ ಇಟ್ಟೆನ್ ಮೊದಲ ಪಾಠ ಶುರು ಮಾಡುತ್ತಿದ್ದುದೇ ಉಸಿರಾಟದ ಅಭ್ಯಾಸದಿಂದ, ಮೈ ಸಡಿಲಿಸುವ ವ್ಯಾಯಾಮದಿಂದ. ಇವತ್ತಿಗೂ ನಾವು ಮೊದಲ ಸೆಮಿಸ್ಟರಿನಲ್ಲಿ ಮಾಡಿಸುವ ಬೆಳಕು ನೆರಳು, ವಿನ್ಯಾಸ, ಮೇಲ್ಮೈಯ ಅಭ್ಯಾಸಗಳಲ್ಲಿ ಎಷ್ಟೋ ಆ ತರಗತಿಯಿಂದ ಹರಿದು ಬಂದವು. ಕಾಗದ ಮಡಿಸುವ ಅಭ್ಯಾಸವನ್ನು ಅದೇ ಶಾಲೆಯಲ್ಲಿ ಯೋಸೆಫ್ ಆಲ್ಬರ್ಸ್ ಬೆಳೆಸಿದರು. ಕೈ ಚೆನ್ನಾಗಿ ಓಡಬೇಕಾದರೆ ಮೈ ಚೆನ್ನಾಗಿರಬೇಕು ಎಂದು ಇಟ್ಟೆನ್‌ಗೆ ಗೊತ್ತಿತ್ತು.

ಹೊಸಬರೇ, ಈ ಪತ್ರ ನಿಮ್ಮ ಕಣ್ಣಿಗೂ ಬಿದ್ದರೆ ಎರಡು ಮಾತು. ಪಟ್ಟಿಯಲ್ಲಿರುವ ಸಾಮಾನನ್ನೆಲ್ಲ ಮೊದಲ ದಿನವೇ ಕೊಳ್ಳಬೇಡಿ, ಸೀನಿಯರ್‌ಗಳ ಹತ್ತಿರ ಕೇಳಿದರೆ ಅರ್ಧ ಅಲ್ಲೇ ಸಿಗುತ್ತದೆ. ಮೊದಲ ಜ್ಯೂರಿ ಕೆಟ್ಟುಹೋದರೆ ನಿಮಗೆ ಈ ವಿದ್ಯೆ ಬರುವುದಿಲ್ಲ ಎಂದು ತೀರ್ಮಾನಿಸಬೇಡಿ. ಅಮೆರಿಕದ ಹೆಸರಾಂತ ಆರ್ಕಿಟೆಕ್ಟ್ ಲೂಯಿ ಕಾನ್ ಹುಟ್ಟಿದ್ದು 1901ರಲ್ಲಿ. ಅವರಿಗೆ ದೊಡ್ಡ ಹೆಸರು ತಂದ ಮೊದಲ ಕಟ್ಟಡ, ಯೇಲ್ ವಿಶ್ವವಿದ್ಯಾಲಯದ ಕಲಾ ಗ್ಯಾಲರಿ, ಮುಗಿದದ್ದು 1953ರಲ್ಲಿ. ಐವತ್ತು ದಾಟಿದ್ದರು. ಈ ಕೆಲಸ ನಿಧಾನಕ್ಕೆ ಒಲಿಯುವಂಥದ್ದು, ಅದಕ್ಕೆ ಆರೋಗ್ಯ ಬೇಕು.

ಮಾನ್ಯರೇ, ನನ್ನ ಕೋರಿಕೆಯನ್ನು ಜಾರಿಗೆ ತರಲು ಹಣ ಬೇಕಿಲ್ಲ, ಸಿಲೆಬಸ್ ಬದಲಿಸಬೇಕಿಲ್ಲ. ಒಂದು ಖಾಲಿ ಕೋಣೆ, ಒಂದು ಬೀಗ, ಬಂದದ್ದನ್ನು ಬರೆದುಕೊಳ್ಳಲು ಒಂದು ರಿಜಿಸ್ಟರ್ ಸಾಕು. ಶೀಟನ್ನು ಸುರುಳಿ ಸುತ್ತಿ ಹೆಸರು ಬರೆದು ಇಡಲಿ, ಮಾಡೆಲ್ ಮೇಜಿನ ಮೇಲೆ ಕೂರಲಿ. ಅರ್ಧಕ್ಕೆ ನಿಂತದ್ದನ್ನು ಅರ್ಧವಾಗಿಯೇ ತೆಗೆದುಕೊಳ್ಳಿ, ಅದರ ಬಗ್ಗೆ ಮಾರನೆಯ ದಿನ ಮಾತಾಡಬಹುದು. ಒಂದೇ ವಾರದಲ್ಲಿ ಡಿಸೈನ್, ಕನ್‌ಸ್ಟ್ರಕ್ಷನ್, ಗ್ರಾಫಿಕ್ಸ್ ಮೂರೂ ಸಬ್‌ಮಿಷನ್ ಬೀಳದಂತೆ ಮೇಷ್ಟ್ರುಗಳು ಒಮ್ಮೆ ಕೂತು ತಾರೀಖು ಹೊಂದಿಸಿದರೆ ಇನ್ನೂ ಒಳ್ಳೆಯದು. ಸಹೋದ್ಯೋಗಿಗಳಲ್ಲಿ ಮಾತ್ರ ಒಂದು ಬೇಡಿಕೆ: 5:10ಕ್ಕೆ ಯಾರಾದರೂ ಕಣ್ಣೀರು ಹಾಕಿಕೊಂಡು ಓಡಿ ಬಂದರೆ ಮಾಡೆಲ್ ಒಳಗಿಡಿ, ಆದರೆ ಕಟರ್ ಹಿಡಿದು ಒಳಗೆ ಹೋಗಲು ಯಾರನ್ನೂ ಬಿಡಬೇಡಿ. ಒಬ್ಬರನ್ನು ಬಿಟ್ಟರೆ ಎಲ್ಲರೂ ರಾತ್ರಿಯಿಡೀ ಕೂರುತ್ತಾರೆ.

ಟೈಮ್‌ಟೇಬಲಿನಲ್ಲಿ ಜ್ಯೂರಿಯ ತಾರೀಖಿನ ಮೇಲಿನ ಸಾಲು ಈಗ ಖಾಲಿ ಇದೆ. ಮುದ್ರಣಕ್ಕೆ ಹೋಗುವ ಮುಂಚೆ ಅಲ್ಲಿ ಇಷ್ಟು ಸೇರಿಸಿ: ಸಂಜೆ 5, ಸಬ್‌ಮಿಷನ್, ಸ್ಟುಡಿಯೋಗೆ ಬೀಗ.

ವಿಶ್ವಾಸದಿಂದ,
ಮೊದಲ ವರ್ಷದ ಸ್ಟುಡಿಯೋದ ಒಬ್ಬ ಮೇಷ್ಟ್ರು